ಪ್ರಾಜೆಕ್ಟ್ ರಿಪೋರ್ಟಲ್ಲಿ 'ದಿಸ್', 'ದೇ' ಕಾಟ, ಹೆಲ್ಪ್ ಮಾಡಿ

ಪ್ರಶ್ನೆ (ಕೋಲಾರ):
ಎಂಎಸ್ಸಿ ಫೈನಲ್ ಇಯರ್. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿಂದ ಶುದ್ಧ ಮಾಡಿ ಕಳ್ಸೋ ಕೊಳಚೆ ನೀರು) ಕೆರೆಗೆ ಬಂದ್ಮೇಲೆ ಬೋರ್‌ವೆಲ್ ಹೆಂಗಾಗಿದೆ ಅಂತ ಪ್ರಾಜೆಕ್ಟ್ ಬರೀತಿದೀನಿ. ಗೈಡ್ ಡ್ರಾಫ್ಟ್ ತುಂಬಾ 'ದಿಸ್', 'ದೇ'ಗೆ ಕೆಂಪು ಗೆರೆ ಎಳ್ದು 'ಯಾವ್ದು?' ಅಂತ ಬರ್ದಿದಾರೆ. ಇನ್ನೊಂದು, 'ಐ' ಅಂತ ಬರೀಬಹುದಾ, ಇಲ್ಲ 'ದಿ ಆಥರ್' ಅಂತಾನೇ ಹಾಕ್ಬೇಕಾ?

ಇಂಗ್ಲಿಷ್ ಮೇಷ್ಟ್ರು, ತುಮಕೂರು:
ಗೈಡ್ ಹೇಳಿದ್ದು ಸರಿಯಾಗೇ ಇದೆ ಕಣಪ್ಪ. 'ದಿ ಟ್ಯಾಂಕ್ಸ್ ರೀಚಾರ್ಜ್ ದಿ ಬೋರ್‌ವೆಲ್ಸ್, ಬಟ್ ದೇ ವರ್ ನಾಟ್ ಟೆಸ್ಟೆಡ್' ಅಂದ್ರೆ ಟೆಸ್ಟ್ ಮಾಡ್ದೇ ಬಿಟ್ಟಿದ್ದು ಕೆರೆನಾ ಬೋರ್‌ವೆಲ್ಲಾ, ಓದೋನಿಗೇನು ಕನಸು ಬೀಳುತ್ತಾ? ನಾಚ್ಕೊಳ್ದೆ 'ದಿ ಬೋರ್‌ವೆಲ್ಸ್' ಅಂತ ಇನ್ನೊಂದ್ಸಲ ಬರಿ, ರಿಪೀಟ್ ಆದ್ರೆ ಆಗ್ಲಿ. 'ದಿಸ್' ಒಂದನ್ನೇ ಬಿಡ್ಬೇಡ, ಪಕ್ಕದಲ್ಲೊಂದು ನೌನ್ ಹಾಕು, 'ದಿಸ್ ರೈಸ್', 'ದಿಸ್ ಮೆಥಡ್' ಹಂಗೆ. ನೌನ್ ಹೊಳೀಲಿಲ್ಲ ಅಂದ್ರೆ ಹಿಂದಿನ ವಾಕ್ಯದಲ್ಲಿ ಏನ್ ಹೇಳ್ದೆ ಅಂತ ನಿಂಗೇ ಕ್ಲಿಯರ್ ಇಲ್ಲ ಅಂತ.

ರಿಸರ್ಚ್ ಸ್ಕಾಲರ್, ಚಿಂತಾಮಣಿ:
ಎಪಿಎ (ರಿಸರ್ಚ್ ಬರವಣಿಗೆಯ ಸ್ಟೈಲ್ ರೂಲ್‌ಬುಕ್) 7ನೇ ಎಡಿಷನ್ ಪ್ರಕಾರ ಒಬ್ರೇ ಬರೆದ್ರೆ 'ಐ', ಕೋ-ಆಥರ್ ಇದ್ರೆ 'ವಿ'. ಗಂಡೋ ಹೆಣ್ಣೋ ಗೊತ್ತಿಲ್ದಾಗ ಒಬ್ರಿಗೂ 'ದೇ' ಹಾಕ್ಬಹುದು, ಆದ್ರೆ ವರ್ಬ್ 'ದೇ ಆರ್' ಅಂತಾನೇ, 'ದೇ ಈಸ್' ಅಲ್ಲ. ಎಷ್ಟೋ ಡಿಪಾರ್ಟ್‌ಮೆಂಟಲ್ಲಿ ಪ್ಯಾಸಿವ್ ('ಐ' ಇಲ್ದೆ 'ವಾಸ್ ಟೆಸ್ಟೆಡ್' ಅಂತ ಬರೆಯೋದು) ಅಂದ್ರೆ ಈಗ್ಲೂ ಪ್ರಾಣ, ಅದಕ್ಕೇ 'ಐ' ಹಾಕೋ ಮುಂಚೆ ಗೈಡ್‌ನ ಒಂದ್ಮಾತು ಕೇಳ್ಬಿಡಿ.

ಪ್ರಶ್ನೆ ಕೇಳಿದವ್ರು:
ಥ್ಯಾಂಕ್ಸ್ ಸರ್. 'ದಿಸ್ ಶೋಸ್' ಸರ್ಚ್ ಕೊಟ್ರೆ ರಿಸಲ್ಟ್ಸ್ ಚಾಪ್ಟರ್ ಪೂರ್ತಿ ಹಳದಿ 😅 'ಡೇಟಾ'ಗೆ 'ಇಟ್'ಆ 'ದೇ'ನಾ?

ಇಂಗ್ಲಿಷ್ ಮೇಷ್ಟ್ರು:
ಎರಡೂ ನಡೆಯುತ್ತೆ. ಒಂದನ್ನ ಹಿಡ್ಕೊ, ಕೊನೇವರ್ಗೂ ಅದನ್ನೇ ಬರಿ.