ಸಹಿ ಹಾಕಿ, ಹತ್ತು ಗುಂಪಿಗೆ ಕಳಿಸಿ

ಮಾಟುಂಗಾ ದೊಡ್ಡಪ್ಪ: (ತುಂಬಾ ಸಲ ಫಾರ್ವರ್ಡ್ ಆದದ್ದು) ಕ್ಯಾಲಿಫೋರ್ನಿಯಾ ಕೊನೆಗೂ ಎಚ್ಚೆತ್ತಿತು! ಪರಿಸರ ಕಾನೂನನ್ನೇ ಕಿತ್ತು ಹಾಕಿತು!! ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬರೀ ಪಾರ್ಕಿಂಗ್ ಜಾಗದಲ್ಲಿ 495 ಮನೆ ಕಟ್ಟಲು ಹೊರಟರೆ ಅಪೀಲು ಹಾಕಿ ನಿಲ್ಲಿಸಿದ್ದರು. ಮುಂಬೈಯಲ್ಲೂ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಅಪೀಲು ಬಂದ್ ಆಗಲಿ. ಹಳೇ ಕಟ್ಟಡ ಒಡೆದು ಹೊಸತು ಕಟ್ಟುವ ರೀಡೆವಲಪ್‌ಮೆಂಟ್ ಉಳಿಸಿ. ಈ ಮನವಿಗೆ ಸಹಿ ಹಾಕಿ, ಹತ್ತು ಗುಂಪಿಗೆ ಕಳಿಸಿ 🙏

ಮಾಟುಂಗಾ ದೊಡ್ಡಪ್ಪ: ಎಲ್ಲರೂ ಸಹಿ ಹಾಕಿ ಮಾರಾಯ್ರೆ. ಎರಡು ನಿಮಿಷದ ಕೆಲಸ.

ಮುಲುಂಡ್ ಅತ್ತೆ: 👍

ಕೋಥ್ರೂಡ್ ಚಿಕ್ಕಮ್ಮ: ಅಲ್ರೀ ಭಾವಾರ, ಪೂರ್ತಿ ಓದೀರೇನು? ಕಾನೂನು ಎಲ್ಲಿ ಕಿತ್ತಾರ? 1970ರ ಕಾನೂನು ಹಂಗೇ ಅದ. 2025ರ ಜೂನ್ 30ಕ್ಕ ಎಬಿ 130 ಅಂತ ಒಂದು ಮಸೂದೆಗೆ ಸಹಿ ಬಿತ್ತು, ಊರೊಳಗಿನ ಜಾಗಾದಾಗ 20 ಎಕರೆ ತನಕ ಮನಿ ಕಟ್ಟೋರಿಗೆ ವಿನಾಯ್ತಿ ಸಿಕ್ತು. 495 ಮನಿ ಮಾತು ಖರೆ. 469 ಸ್ಟೀವನ್‌ಸನ್ ಸ್ಟ್ರೀಟ್, 2021ರ ಅಕ್ಟೋಬರ್, ನಗರ ಮಂಡಳಿಯಾಗ 8-3 ಮತದಿಂದ ಅಪೀಲು ಗೆದ್ದಿತ್ತು.

ಮಾಟುಂಗಾ ದೊಡ್ಡಪ್ಪ: ಅದನ್ನೇ ನಾನು ಹೇಳುದು. ನಿಂತಿತಲ್ಲ? ಇಲ್ಲೂ ಅದೇ ಕತೆ. 60 ಮನೆಯ ಸೊಸೈಟಿ ಖಾಲಿ ಮಾಡಿಸಿ ಆಯ್ತು ಅಂತ ಇಟ್ಕೊ. ಬಿಲ್ಡರ್ ಮನೆಗೆ 80,000 ಬಾಡಿಗೆ ಕೊಡಬೇಕು ಅಂದರೆ ತಿಂಗಳಿಗೆ 48 ಲಕ್ಷ. ಒಬ್ಬ ಅಪೀಲು ಹಾಕಿ ಆರು ತಿಂಗಳು ತಡೆದರೆ 2 ಕೋಟಿ 88 ಲಕ್ಷ. ಬಿಲ್ಡರ್ ಬಾಡಿಗೆ ಚೆಕ್ ನಿಲ್ಲಿಸ್ತಾನೆ, ಹಳೇ ಮನೆ ಒಡೆದಾಗಿದೆ, ಸದಸ್ಯರು ಎಲ್ಲಿಗೆ ಹೋಗುದು? ಅಪೀಲು ಹಾಕಿದವ ಕಳೆದುಕೊಳ್ಳುದು ಎಷ್ಟು? 1,000 ರೂಪಾಯಿ ಫೀಸು!

ಥಾಣೆ ಪುಟ್ಟಣ್ಣ: ಲೆಕ್ಕ ಸರಿ ಉಂಟು ದೊಡ್ಡಪ್ಪ. ಆದ್ರೆ ಹೋಲಿಕೆ ತಪ್ಪು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಲ್ಲ ನಿಯಮಕ್ಕೆ ಹೊಂದಿದ ನಕ್ಷೆಗೂ ನೆರೆಯವ ಮರುಪರಿಶೀಲನೆ ಕೇಳಬಹುದಿತ್ತು. ಕಿಟಕಿಯ ಆಕಾರ, ನೆರಳು, ಎಲ್ಲದಕ್ಕೂ ಹಿಯರಿಂಗ್. ಇಲ್ಲಿ ಹಿಯರಿಂಗೇ ಇಲ್ಲ! 2006ರ ಇಐಎ (ಪರಿಸರ ಪರಿಣಾಮದ ಅಂದಾಜು) ಅಧಿಸೂಚನೆಯಲ್ಲಿ ಕಟ್ಟಡಗಳು ಐಟಂ 8. 20,000 ಚದರ ಮೀಟರ್ ದಾಟಿದ್ರೆ 8(ಎ), ಒಂದೂವರೆ ಲಕ್ಷ ದಾಟಿದ್ರೆ 8(ಬಿ). ಎರಡಕ್ಕೂ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ. ಪಕ್ಕದ ಕಟ್ಟಡದವನಿಗೆ ಗೊತ್ತಾಗುದು ಬೇಲಿಯ ತಗಡು ನಿಂತ ಮೇಲೆ.

ಮಾಟುಂಗಾ ದೊಡ್ಡಪ್ಪ: ಪೇಪರಲ್ಲಿ ಜಾಹೀರಾತು ಹಾಕ್ತಾರಲ್ಲ.

ಕೋಥ್ರೂಡ್ ಚಿಕ್ಕಮ್ಮ: ಹಾಕ್ತಾರ, ಪರಿಸರ ಕ್ಲಿಯರೆನ್ಸ್ ಸಿಕ್ಕ ಮ್ಯಾಲ! ಎರಡು ಸ್ಥಳೀಯ ಪತ್ರಿಕೆ, ಅದರಾಗ ಒಂದು ಸ್ಥಳೀಯ ಭಾಷಾದ್ದು. ಟೆಂಡರ್ ನೋಟಿಸ್ ಮತ್ತ ಹೆಸರು ಬದಲಾವಣೆ ನಡುವ ಬೆರಳಗಲದ ಡಬ್ಬಿ. ಎನ್‌ಜಿಟಿ ಕಾಯ್ದೆ ಸೆಕ್ಷನ್ 16ರ ಪ್ರಕಾರ ಅಲ್ಲಿಂದ 30 ದಿನ. ಸರಿಯಾದ ಕಾರಣ ತೋರಿಸಿದ್ರ ಇನ್ನ 60. 91ನೇ ದಿನ ಬಂದ್ರ ಟ್ರಿಬ್ಯೂನಲ್‌ಗೇ ಕ್ಷಮಿಸೋ ಅಧಿಕಾರ ಇಲ್ಲ. ನೀವು ಹೇಳೋ ಹಂಗ ಮನಿ ಒಡದ ಮ್ಯಾಲ, 90 ದಿನ ದಾಟಿ ಬರೋ ಅಪೀಲು ಬಾಗಲದಾಗೇ ಬೀಳ್ತದ. ಇನ್ನೊಂದು, ಅಪೀಲು ಹಾಕಿದ ಕೂಡ್ಲೆ ಕೆಲಸ ನಿಲ್ಲಂಗಿಲ್ಲ. ತಡೆ ಬ್ಯಾರೆ ಕೇಳಬೇಕು, ಬ್ಯಾರೆ ಆದೇಶ ಆಗಬೇಕು.

ಮಾಟುಂಗಾ ದೊಡ್ಡಪ್ಪ: ಹಾಗಾದ್ರೆ ಮುಲುಂಡ್, ಬೊರಿವಲಿ ಫೈಲುಗಳು ವರ್ಷ ಪೂರ್ತಿ ಕೂತದ್ದು ಯಾಕೆ? ಎನ್‌ಜಿಟಿಯಿಂದಲೇ ಅಲ್ವಾ?

ಕೋಥ್ರೂಡ್ ಚಿಕ್ಕಮ್ಮ: ಹೌದು, ಅದು ಎನ್‌ಜಿಟಿ ಆದೇಶಾನೇ. ಆದ್ರ ಯಾವ ನೆರೆಯವನೂ ನಿಮ್ಮ ಸೊಸೈಟಿ ವಿರುದ್ಧ ಹಾಕಿದ್ದಲ್ಲ. 2024ರಾಗ ಭೋಪಾಲ್ ಪೀಠ, ‘ಸಾಮಾನ್ಯ ಷರತ್ತು’ ಕಟ್ಟಡಕ್ಕೂ ಅನ್ವಯ ಅಂತು. ಅಂದ್ರ ಸಂರಕ್ಷಿತ ಪ್ರದೇಶ ಅಥವಾ ತೀವ್ರ ಮಾಲಿನ್ಯದ ಪ್ರದೇಶದ 5 ಕಿ.ಮೀ. ಒಳಗಿದ್ರ ಫೈಲು ರಾಜ್ಯದಾಗ ಅಲ್ಲ, ದಿಲ್ಲಿಗೆ. ಮುಂಬೈಯಾಗ ಸಂಜಯ್ ಗಾಂಧಿ ಉದ್ಯಾನ ಒಂದು ಕಡೆ, ಠಾಣೆ ಖಾಡಿ ಫ್ಲೆಮಿಂಗೊ ಅಭಯಾರಣ್ಯ ಇನ್ನೊಂದು ಕಡೆ, ಎರಡೂ ಕಡೆಯಿಂದ 5 ಕಿ.ಮೀ. ಅಳೀರಿ, ಏನು ಉಳೀತದ? ಕೇಂದ್ರ 2025ರ ಜನವರಿ 29ಕ್ಕ ಸರಿ ಮಾಡಾಕ ಹೋಗಿ, ಅದರಾಗ ಕಾರ್ಖಾನೆ ಶೆಡ್ಡು, ಶಾಲಿ ಕಟ್ಟಡಕ್ಕ ವಿನಾಯ್ತಿನೂ ತುರುಕಿತು. ಫೆಬ್ರವರಿಗೆ ಸುಪ್ರೀಂ ಕೋರ್ಟ್ ತಡೆ. ಆಗಸ್ಟ್ 5ಕ್ಕ ವಿನಾಯ್ತಿ ಟಿಪ್ಪಣಿ ಅಷ್ಟ ಹೊಡದು ಹಾಕಿ ಉಳಿದದ್ದು ಎತ್ತಿ ಹಿಡೀತು, ಫೈಲು ರಾಜ್ಯಕ್ಕ ವಾಪಸ್. ತಡ ಆಗಿದ್ದು ಸರ್ಕಾರದ ಕಾಗದದ ಗೊಂದಲಕ್ಕ. ಅಪೀಲು ಬಂದ್ ಮಾಡಿದ್ರ ಇದು ತಪ್ಪತಿತ್ತೇನು?

ಡೊಂಬಿವಲಿ ಭಾವ: ಎರಡೂ ಕಡೆಯವರು ಒಂದು ಮಾತು ಬಿಟ್ಟಿದ್ದೀರಿ. ನೆರೆಯವರು ನಿಜವಾಗಿ ಸಿಟ್ಟಾಗೋದು ಗೋಡೆ ಬಿರುಕಿಗೆ, ಧೂಳಿಗೆ, ಕಿಟಕಿ ಕತ್ತಲಾಗೋದಕ್ಕೆ. ಎನ್‌ಜಿಟಿಗೆ ಹೋಗುವಾಗ ಅರ್ಜಿಯಲ್ಲಿ ಬರೆಯೋದು ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಸಾಮರ್ಥ್ಯ ಕಡಿಮೆ ಅಂತ! ಯಾಕೆಂದ್ರೆ ತೆರೆದಿರೋ ಬಾಗಿಲು ಅದೊಂದೇ.

ಡೊಂಬಿವಲಿ ಭಾವ: ಬಿರುಕಿನ ಉದಾಹರಣೆ ತಗೊಳ್ಳಿ. ಎರಡು ಬೇಸ್‌ಮೆಂಟ್ ಅಂದ್ರೆ 7-8 ಮೀಟರ್ ಅಗೆತ. ಪಕ್ಕದ 60 ವರ್ಷದ ಕಟ್ಟಡದ ಪಾಯ ಒಂದೂವರೆ ಮೀಟರ್ ಕೆಳಗೆ ಮುರುಮ್ ಮಣ್ಣಿನ ಮೇಲೆ ಕೂತಿರುತ್ತೆ. ಹಣ ಉಳಿಸೋಕೆ ಒಂದರ ಪಕ್ಕ ಒಂದು ಪೈಲ್ (ನೆಲದೊಳಗಿನ ಕಾಂಕ್ರೀಟ್ ಕಂಬ) ನಿಲ್ಲಿಸ್ತಾರೆ, ನಡುವೆ ಸಂದು ಬಿಡ್ತದೆ. ಪಂಪು ದಿನಪೂರ್ತಿ ನೀರೆಳೆದಾಗ ಆ ಸಂದಿನಿಂದ ಸಣ್ಣ ಮಣ್ಣೂ ಬರ್ತದೆ. ಪಂಪಿನ ನೀರು ಕೆಂಪಗಿದ್ರೆ ಪಕ್ಕದವರ ಪಾಯದ ಮಣ್ಣು ಚರಂಡಿಗೆ ಹೋಗ್ತಿದೆ ಅಂತಲೇ ಅರ್ಥ. ಒಂದರೊಳಗೊಂದು ಕೊರೆದು ಕೂರಿಸೋ ಸೀಕೆಂಟ್ ಪೈಲ್ ಹಾಕಿದ್ರೆ ನೀರು ನಿಲ್ಲುತ್ತೆ, ಖರ್ಚು ಜಾಸ್ತಿ. ಅಗೆಯೋ ಮುಂಚೆ ಪಕ್ಕದ ಕಟ್ಟಡದ ಪ್ರತಿ ಕೋಣೆಯ ಫೋಟೊ, ಹಳೇ ಬಿರುಕಿನ ಮೇಲೆ ಗಾಜಿನ ಪಟ್ಟಿ, ಪೈಲ್ ಗೋಡೆಯಲ್ಲಿ ವಾಲೋದನ್ನ ಅಳೆಯೋ ಇನ್‌ಕ್ಲಿನೋಮೀಟರ್. ಗಾಜು ಒಡೀತಾ, ಪಂಪು ನಿಲ್ಲಿಸು. ಇಷ್ಟು ಮಾಡಿದ್ರೆ ಅರ್ಧ ಜಗಳ ಹುಟ್ಟೋದೇ ಇಲ್ಲ. ಪರಿಸರ ಕ್ಲಿಯರೆನ್ಸಿನ ತಲೆನೋವೇ ಅಲ್ಲ ಇದು.

ಮಾಟುಂಗಾ ದೊಡ್ಡಪ್ಪ: ಹೈರೈಸ್ ಕಮಿಟಿ ನೋಡುದಿಲ್ವಾ?

ಡೊಂಬಿವಲಿ ಭಾವ: ತುಂಬಾ ಎತ್ತರದ್ದಾದ್ರೆ. 23 ಮಹಡಿಯದ್ದು ಅಲ್ಲಿಗೆ ಹೋಗಲ್ಲ.

ಥಾಣೆ ಪುಟ್ಟಣ್ಣ: ಡಿಸೈನ್ ರಿವ್ಯೂ ಅಂತ ಮುಂಬೈಯಲ್ಲಿ ಇರುದು ಹೆರಿಟೇಜ್ ಕಮಿಟಿ ಒಂದು, 1995ರ ನಿಯಮದಿಂದ, ಅದೂ ಪಟ್ಟಿಯಲ್ಲಿರುವ ಕಟ್ಟಡಕ್ಕೆ, ಆವರಣಕ್ಕೆ. ಉಳಿದ ಊರಿಗೆ ಗಾಳಿ ಬೆಳಕು ಅಂದ್ರೆ ಪ್ರೀಮಿಯಂ. ಸುತ್ತ ಬಿಡಬೇಕಾದ ಜಾಗ ಕಮ್ಮಿ ಬಿತ್ತಾ, ‘ಓಪನ್ ಸ್ಪೇಸ್ ಡೆಫಿಶಿಯೆನ್ಸಿ’ ಅಂತ ಬರೆದು ದುಡ್ಡು ಕಟ್ಟು, ಕನ್ಸೆಶನ್ ತಗೋ. ದುಡ್ಡು ಪಾಲಿಕೆಗೆ, ಕತ್ತಲೆ ಮೂರನೇ ಮಹಡಿಗೆ. ಗೋವಂಡಿಯ ನಟವರ್ ಪಾರೇಖ್, ಮಾನ್‌ಖುರ್ದ್‌ನ ಲಲ್ಲೂಭಾಯಿ ಕಾಂಪೌಂಡು, ಈ ಪುನರ್ವಸತಿ ಕಾಲೊನಿಗಳನ್ನು ನೋಡಿದವರಿಗೆ ಹೇಳಬೇಕಾದ್ದಿಲ್ಲ. ಕಟ್ಟಡ ಕಟ್ಟಡಕ್ಕೆ 3 ಮೀಟರ್ ಅಂತರ, ಮಧ್ಯಾಹ್ನ ಟ್ಯೂಬ್‌ಲೈಟ್. ‘ಡಾಕ್ಟರ್ಸ್ ಫಾರ್ ಯು’ ಅಧ್ಯಯನ ಅಲ್ಲಿನ ಕ್ಷಯಕ್ಕೂ ಗಾಳಿ ಬೆಳಕಿಲ್ಲದ ವಿನ್ಯಾಸಕ್ಕೂ ನಂಟು ತೋರಿಸಿತು. ಅಮೆರಿಕದವರು ನೆರಳಿನ ಹೆಸರಲ್ಲಿ ಮನೆ ನಿಲ್ಲಿಸಿದ್ದು ಅತಿ ಆಯ್ತು, ಒಪ್ಪಿದೆ. ನಮ್ಮಲ್ಲಿ ಆ ಪ್ರಶ್ನೆ ಕೇಳುವ ಮೇಜೇ ಇಲ್ಲ.

ಮಾಟುಂಗಾ ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಮಾಟುಂಗಾ ದೊಡ್ಡಪ್ಪ: ಸರಿ. ಆದ್ರೂ ಬ್ಲ್ಯಾಕ್‌ಮೇಲ್ ಅಪೀಲು ಇಲ್ಲ ಅಂತ ಹೇಳ್ಬೇಡಿ. ಎದುರಾಳಿ ಬಿಲ್ಡರ್ ಯಾರನ್ನೋ ಮುಂದೆ ಬಿಟ್ಟು ಹಾಕಿಸುದು ಇಡೀ ಊರಿಗೆ ಗೊತ್ತುಂಟು.

ಕೋಥ್ರೂಡ್ ಚಿಕ್ಕಮ್ಮ: ಅದಾವ, ಯಾರು ಇಲ್ಲಂದ್ರು? ಅಂಥವು ಯಾಕ ಬೆಳೀತಾವ ಅಂತ ಕೇಳ್ರಿ. ಫೈಲಿನಾಗ ತೂತು ಇರ್ತದ, ಅದಕ್ಕ. ತೂತಿಲ್ಲದ ಫೈಲಿಗೆ ಯಾರೂ ರೊಕ್ಕ ಕೇಳಾಂಗಿಲ್ಲ. ಪುಟ್ಟಣ್ಣ, ಆ ಏರಿಯಾ ಲೆಕ್ಕ ಹೇಳಪ.

ಥಾಣೆ ಪುಟ್ಟಣ್ಣ: ಜಾಗ 4,500 ಚದರ ಮೀಟರ್, ಎಫ್‌ಎಸ್‌ಐ (ಜಾಗದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ) 2.4 ಅಂತ ಇಟ್ಕೊಳ್ಳಿ. 10,800. ಅದರ ಮೇಲೆ ಹೆಚ್ಚುವರಿ ಸಿಗುವ ಫಂಜಿಬಲ್ 35% ಸೇರಿದ್ರೆ 14,580. ಕನ್ಸಲ್ಟೆಂಟ್ ಇಲ್ಲಿಗೆ ನಿಲ್ಲಿಸಿ ‘20,000 ಒಳಗೆ, ಇಸಿ (ಪರಿಸರ ಕ್ಲಿಯರೆನ್ಸ್) ಬೇಡ’ ಅಂತಾನೆ. ಸೊಸೈಟಿಯವರಿಗೂ ಖುಷಿ. ಆದ್ರೆ ಅಧಿಸೂಚನೆಯಲ್ಲಿ ಬಿಲ್ಟ್-ಅಪ್ ಅಂದ್ರೆ ಎಲ್ಲ ಮಹಡಿ, ಬೇಸ್‌ಮೆಂಟ್, ಸರ್ವಿಸ್ ಏರಿಯಾ ಸೇರಿ. 2,500ರ ಎರಡು ಬೇಸ್‌ಮೆಂಟ್ ಅಂದ್ರೆ 5,000. ಮೆಟ್ಟಿಲು, ಲಿಫ್ಟ್, ಲಾಬಿ, ರೆಫ್ಯೂಜ್ (ಬೆಂಕಿ ಬಿದ್ದಾಗ ನಿಲ್ಲುವ ಜಾಗ) ಇನ್ನೊಂದು 2,000. ಒಟ್ಟು 21,580. ಇಸಿ ಬೇಕೇ ಬೇಕು.

ಕೋಥ್ರೂಡ್ ಚಿಕ್ಕಮ್ಮ: ಪುಣೆಯ ವಡಗಾವ್ ಬುದ್ರುಕ್ ಕೇಸು ಇದೇ. 552 ಫ್ಲ್ಯಾಟಿಗೆ ಇಸಿ, ಕಟ್ಟಿದ್ದು 807. ‘ಎಫ್‌ಎಸ್‌ಐ ಬ್ಯಾರೆ, ಬಿಲ್ಟ್-ಅಪ್ ಬ್ಯಾರೆ’ ಅಂತ ವಾದ. 2018ರ ಆಗಸ್ಟ್‌ನಾಗ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ದಂಡ 100 ಕೋಟಿ ಅಥವಾ ಯೋಜನಾ ವೆಚ್ಚದ 10%, ಯಾವುದು ಹೆಚ್ಚೋ ಅದು. ಸೊಸೈಟಿಯವರು ಬಿಲ್ಡರ್ ಜೋಡಿ ಒಪ್ಪಂದ ಮಾಡೋ ಮುಂಚೆ ಈ ಒಂದು ಹಾಳಿ ಲೆಕ್ಕ ಕೇಳಿದ್ರ ಸಾಕು. 79ಎ (ರೀಡೆವಲಪ್‌ಮೆಂಟ್ ತೀರ್ಮಾನ ಮಾಡೋ) ಸಭಾದಾಗ ಬಾಡಿಗಿ, ಕಾರ್ಪಸ್ ನಿಧಿ, ಎಷ್ಟು ಚದರಡಿ ಹೆಚ್ಚು ಅಂತ ಮೂರು ತಾಸು ಮಾತಾಡ್ತಾರ, ಇದನ್ನ ಯಾರೂ ಕೇಳಾಂಗಿಲ್ಲ.

ಡೊಂಬಿವಲಿ ಭಾವ: ಇಸಿ ಸಿಕ್ಕ ಮೇಲೂ ಜೂನ್ 1, ಡಿಸೆಂಬರ್ 1ಕ್ಕೆ ಅನುಪಾಲನಾ ವರದಿ ಕೊಡಬೇಕು. ಎಷ್ಟು ವರದಿ ಹಿಂದಿನದರ ನಕಲು, ತಾರೀಖು ಮಾತ್ರ ಹೊಸದು ಅಂತ ಓದಿ ನೋಡಿದ್ರೆ ಗೊತ್ತಾಗುತ್ತೆ. ಒಂದರಲ್ಲಿ ಮಳೆಗಾಲದಲ್ಲೂ ‘ಧೂಳಿಗೆ ದಿನಕ್ಕೆ ನಾಲ್ಕು ಸಲ ನೀರು’ 😄

ಮಾಟುಂಗಾ ದೊಡ್ಡಪ್ಪ: ಸಹಿ ವಾಪಸ್ ತಗೊಳ್ಳುದು ಹೇಗೆ? ಹಾಕಿ ಆಯ್ತು ನಾನು.

ಮುಲುಂಡ್ ಅತ್ತೆ: [ಫೋಟೊ] ಇದೆಂತ ಹೇಳಿ ಯಾರಾದ್ರು. ಎದುರಿನ ಸೊಸೈಟಿ ಗೇಟಿನ ಮಳೆಮರಕ್ಕೆ ಅಂಟಿಸಿದ್ದಾರೆ.

ಕೋಥ್ರೂಡ್ ಚಿಕ್ಕಮ್ಮ: ವೃಕ್ಷ ಪ್ರಾಧಿಕಾರದ ನೋಟಿಸು ಅದು. 1975ರ ಕಾಯ್ದೆ ಪ್ರಕಾರ ಮರಕ್ಕ ಅಂಟಿಸಬೇಕು, ಪತ್ರಿಕಾದಾಗೂ ಹಾಕಬೇಕು. ಆಕ್ಷೇಪಣಾಕ್ಕ ಏಳು ದಿನ, ಅಷ್ಟ. ತಾರೀಖು ಕಾಣವಲ್ದು, ಹತ್ತಿರದಿಂದ ತಗೀರಿ.

ಮುಲುಂಡ್ ಅತ್ತೆ: [ಫೋಟೊ] ನಿನ್ನೆಯದ್ದು. ಕಡಿಯುದು ಅಲ್ಲ, ‘ಸ್ಥಳಾಂತರ’ ಅಂತ ಉಂಟು. ಸುತ್ತಳತೆ 1.90 ಮೀಟರ್. ಸ್ಥಳಾಂತರ ಆದ್ರೆ ಒಳ್ಳೇದೇ ಅಲ್ವಾ?

ಥಾಣೆ ಪುಟ್ಟಣ್ಣ: ಅತ್ತೆ, 1.90 ಸುತ್ತಳತೆ ಅಂದ್ರೆ ವ್ಯಾಸ 60 ಸೆಂ.ಮೀ. ಬೇರಿನ ಉಂಡೆ ವ್ಯಾಸದ ಹತ್ತು ಪಟ್ಟು ಬೇಕು, ಅಂದ್ರೆ 6 ಮೀಟರ್ ಅಗಲ. ಒಂದೇ ಮೀಟರ್ ಆಳ ಅಂದ್ರೂ 28 ಘನ ಮೀಟರ್ ಮಣ್ಣು, 45 ಟನ್ನಿಗೆ ಕಮ್ಮಿ ಇಲ್ಲ. ಆ ಗಲ್ಲಿಯಲ್ಲಿ ಟ್ರಕ್ಕೇ ತಿರುಗುದಿಲ್ಲ. ಆದ್ದರಿಂದ ಎಂತ ಮಾಡ್ತಾರೆ, ಎರಡು ಮೀಟರ್ ಉಂಡೆ ಬಿಟ್ಟು ಬೇರು ಕತ್ತರಿಸಿ, ಕೊಂಬೆ ಎಲ್ಲ ಸವರಿ, ಕಂಬದ ಹಾಗೆ ನೆಟ್ಟು ಹೋಗ್ತಾರೆ. ಮೊದಲ ಮಳೆಗೆ ಚಿಗುರ್ತದೆ, ಫೋಟೊ ತೆಗೀತಾರೆ. ಎರಡನೇ ಬೇಸಿಗೆಗೆ ಒಣಗ್ತದೆ.

ಕೋಥ್ರೂಡ್ ಚಿಕ್ಕಮ್ಮ: ಕಡದ್ರ 2021ರ ತಿದ್ದುಪಡಿ ಪ್ರಕಾರ ಮರದ ವಯಸ್ಸೆಷ್ಟೋ ಅಷ್ಟು ಗಿಡ ನೆಡಬೇಕು. 50 ದಾಟಿದ್ರ ಹೆರಿಟೇಜ್ ಮರ. ‘ಸ್ಥಳಾಂತರ’ ಅಂತ ಬರದ್ರ ಆ ಲೆಕ್ಕಾನೇ ಏಳಾಂಗಿಲ್ಲ ಅಂತ ಭಾಳ ಮಂದಿ ತಿಳಕೊಂಡಾರ.

ಮಾಟುಂಗಾ ದೊಡ್ಡಪ್ಪ: ಆಕ್ಷೇಪಣೆಯಲ್ಲಿ ‘ಮರ ಉಳಿಸಿ’ ಅಂತ ಬರೆದ್ರೆ ಸಾಕಾ?

ಕೋಥ್ರೂಡ್ ಚಿಕ್ಕಮ್ಮ: ಅದು ಕಸದ ಬುಟ್ಟಿಗೆ. ಮರದ ನಂಬರು, ಸುತ್ತಳತೆ, ಉಂಡೆ ಲೆಕ್ಕ, ಗಲ್ಲಿ ಅಗಲ, ಎಲ್ಲಾ ಬರೀರಿ. ಮರಾಠಿಯಾಗ. ಕೈಯಾರೆ ಕೊಟ್ಟು ಪ್ರತಿ ಮ್ಯಾಲ ಸೀಲು ಹಾಕಿಸ್ಕೋರಿ.

ಮಾಟುಂಗಾ ದೊಡ್ಡಪ್ಪ: ಫೋಟೊದಲ್ಲಿ ನೋಡಿದೆ. ಮರ ಗೇಟಿನ ಎಡಕ್ಕೆ, ಕಾಂಪೌಂಡಿಗೆ ತಾಗಿ ಉಂಟು. ಬಹುಶಃ ಬೇಸ್‌ಮೆಂಟ್ ರ‍್ಯಾಂಪ್ ಅಲ್ಲಿಗೆ ಬರ್ತದೆ, ಅದಕ್ಕೇ ತೆಗೀಲಿಕ್ಕೆ ಹೊರಟದ್ದು. ರ‍್ಯಾಂಪನ್ನು ಬಲಕ್ಕೆ ಹಾಕಿದ್ರೆ ಮರವೂ ಉಳೀತದೆ, ಮನೆಯೂ ಒಂದು ಕಮ್ಮಿ ಆಗುದಿಲ್ಲ. ಪುಟ್ಟಣ್ಣ, ಆಗ್ತದಾ?

ಥಾಣೆ ಪುಟ್ಟಣ್ಣ: ಬಲಕ್ಕೆ ಸಬ್‌ಸ್ಟೇಷನ್ ಇಲ್ಲದಿದ್ರೆ ಆಗ್ತದೆ. ನಕ್ಷೆ ನೋಡದೆ ಹೇಳ್ಲಿಕ್ಕಾಗುದಿಲ್ಲ.

ಮುಲುಂಡ್ ಅತ್ತೆ: ಪಿಡಿಎಫ್ ಉಂಟು ಅವರ ಸೆಕ್ರೆಟರಿ ಹತ್ರ, 48 ಎಂಬಿ. ಇಲ್ಲಿಗೇ ಹಾಕ್ಲಾ?