ಪದಚರ್ಚೆ: ಕೊರೆದ ತರಕಾರಿಯ ಪೊಟ್ಟಣದ ಮೇಲೆ ‘ಅಣುವಿಮುಕ್ತ’ ಎನ್ನಬಹುದೇ?

ಪ್ರಶ್ನೆ: ಕಾಸರಗೋಡಿನ ಅಂಗಡಿಗಳಿಗೆ ಹೋಗುವ ಕೊರೆದ ಸೌತೆ, ಕ್ಯಾರೆಟ್, ಎಲೆಕೋಸಿನ ಪೊಟ್ಟಣಕ್ಕೆ ಕನ್ನಡ ಚೀಟಿ ಬರೆಯಬೇಕಾಗಿದೆ. ಮಲಯಾಳದಲ್ಲಿ ‘ಅಣುವಿಮುಕ್ತಮಾಕ್ಕಿಯದು’ ಎಂದಿದೆ. ಕನ್ನಡಕ್ಕೂ ‘ಅಣುವಿಮುಕ್ತ’ ಸಾಕೇ, ‘ಕ್ರಿಮಿನಾಶಕದಲ್ಲಿ ತೊಳೆದದ್ದು’ ಎನ್ನಬೇಕೇ? ಹೋಳುಗಳನ್ನು 100 ಪಿಪಿಎಂ (ಲೀಟರಿಗೆ 100 ಮಿಲಿಗ್ರಾಂ) ಕ್ಲೋರಿನ್ ನೀರಿನಲ್ಲಿ 2 ನಿಮಿಷ ಮುಳುಗಿಸಿ, ಕುಡಿಯುವ ನೀರಿನಲ್ಲಿ ಜಾಲಾಡಿ, ಬಸಿದು ಕಟ್ಟುತ್ತಾರೆ.

ಉತ್ತರ: ಎರಡೂ ಬೇಡ. ಮಲಯಾಳದಲ್ಲಿ ‘ಅಣು’ ಎಂದರೆ ರೋಗಾಣುವೂ ಹೌದು. ಕನ್ನಡದ ಓದುಗನಿಗೆ ನೆನಪಾಗುವುದು ಅಣುಸ್ಥಾವರ. ‘ಕ್ರಿಮಿನಾಶಕ’ವಂತೂ ನಮ್ಮಲ್ಲಿ ಗಿಡಕ್ಕೆ ಹೊಡೆಯುವ ವಿಷ. ಎಂಡೋಸಲ್ಫಾನ್ ಎಂಬ ಕೀಟನಾಶಕದ ದುರಂತ ಕಂಡ ಜಿಲ್ಲೆಯಲ್ಲಿ ಆ ಚೀಟಿ ಅಂಟಿಸಿದರೆ ಪೊಟ್ಟಣವನ್ನು ಯಾರೂ ಮುಟ್ಟಲಿಕ್ಕಿಲ್ಲ. ಮರಾಠಿಯ ‘ನಿರ್ಜಂತುಕ’ವೂ ಒಗ್ಗದು, ಜಂತು ಎಂದರೆ ನಮಗೆ ಹೊಟ್ಟೆಯ ಹುಳ.

ಪದಕ್ಕಿಂತ ದೊಡ್ಡ ತೊಡಕು ‘ವಿಮುಕ್ತ’ದಲ್ಲಿದೆ. ಕ್ಲೋರಿನ್ ತೊಳೆತದಿಂದ ರೋಗಾಣು ಸಾಮಾನ್ಯವಾಗಿ ಹತ್ತರಲ್ಲೊಂದಕ್ಕೆ, ಹೆಚ್ಚೆಂದರೆ ನೂರರಲ್ಲೊಂದಕ್ಕೆ ಇಳಿಯುತ್ತದೆ, ಅಷ್ಟೇ. ಗ್ರಾಮಿಗೆ 10 ಲಕ್ಷವಿದ್ದರೆ 10 ಸಾವಿರ ಉಳಿಯಿತು. ಅವು ಆರೇಳು ಸಲ ಇಮ್ಮಡಿಯಾದರೆ ಮತ್ತೆ ಮೊದಲಿನ ಲೆಕ್ಕವೇ. ಕೊರೆದ ಬಾಯಲ್ಲಿ ಅಡಗಿ ಕೂತದ್ದಕ್ಕೆ ನೀರು ತಾಗುವುದಿಲ್ಲ. ಹೋಳಿನಿಂದ ಸೋರಿದ ರಸ, ಮಣ್ಣು ಕ್ಲೋರಿನ್ನನ್ನು ತಿಂದುಹಾಕುತ್ತವೆ. ಒಂದೇ ತೊಟ್ಟಿಯ ನೀರಿನಲ್ಲಿ ಬುಟ್ಟಿ ಮೇಲೆ ಬುಟ್ಟಿ ಅದ್ದಿದರೆ ಕೊನೆಯ ಬುಟ್ಟಿಗೆ ಸಿಗುವುದು ಮೊದಲಿನದರ ಕೊಳೆ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 6.5ರಿಂದ 7.5ರೊಳಗೆ ಇರಬೇಕು, 8 ದಾಟಿದರೆ ಕ್ಲೋರಿನ್ನಿನ ಬಲ ಕುಗ್ಗುತ್ತದೆ.

ಹಾಗಾಗಿ ‘ಕ್ಲೋರಿನ್ ನೀರಿನಲ್ಲಿ ತೊಳೆದು ರೋಗಾಣು ತಗ್ಗಿಸಿದ್ದು’ ಎಂದು ಬರೆಯಿರಿ. ಉದ್ದವಾಯಿತು, ಆದರೆ ಸುಳ್ಳಲ್ಲ. ‘ರೋಗಾಣುಮುಕ್ತ’ ಎಂಬುದು ಆಸ್ಪತ್ರೆಯ ಸೂಜಿಗಿರಲಿ.

ಮರುಪ್ರಶ್ನೆ: ಒಳ್ಳೆಯದು ಮಾಷ್ಟ್ರೇ. ಸಾಂಬಾರಿನ ಹೋಳಿನ ಪೊಟ್ಟಣಕ್ಕೂ ಸಲಾಡಿನದಕ್ಕೂ ‘ಸಿದ್ಧ ತರಕಾರಿ’ ಎಂದೇ ಹಾಕುವ ಯೋಚನೆಯಿದೆ. ಕೆಳಗೆ ‘ತಂಪಾದ ಜಾಗದಲ್ಲಿಡಿ’ ಎಂದು.

ಉತ್ತರ: ಯಾವುದಕ್ಕೆ ಸಿದ್ಧ? ಅದೇ ಗೊತ್ತಾಗುವುದಿಲ್ಲ. ಸಲಾಡಿನದಕ್ಕೆ ‘ಹಸಿಯಾಗಿ ತಿನ್ನಬಹುದು’, ಸಾಂಬಾರಿನದಕ್ಕೆ ‘ಬೇಯಿಸಿಯೇ ತಿನ್ನಿ’ ಎನ್ನಿ. ಹೋಳಿನ ನಡುವಿಗೂ 70 ಡಿಗ್ರಿ ಬಿಸಿ 2 ನಿಮಿಷ ತಾಗಿದರೆ ಲಿಸ್ಟೀರಿಯಾ ಎಂಬ ರೋಗಾಣು ಹತ್ತು ಲಕ್ಷದಲ್ಲೊಂದಕ್ಕೆ ಇಳಿಯುತ್ತದೆ. ಸಲಾಡಿಗೆ ಆ ರಕ್ಷಣೆಯಿಲ್ಲ. ಮೊಳಕೆಕಾಳಿಗೆ ‘ಹಸಿಯಾಗಿ’ ಎಂದು ಬರೆಯುವ ಮೊದಲು ಇನ್ನೂ ಯೋಚಿಸಿ: 2011ರಲ್ಲಿ ಜರ್ಮನಿಯಲ್ಲಿ 50ಕ್ಕೂ ಹೆಚ್ಚು ಜನರನ್ನು ಕೊಂದ ಇ. ಕೋಲಿ ರೋಗಾಣು ಬಂದದ್ದು ಮೆಂತೆಯ ಮೊಳಕೆಯಿಂದ.

‘ತಂಪಾದ ಜಾಗ’ ಎಂದರೆ ನಮ್ಮವರು ನೀರಿನ ಮಡಕೆಯ ಪಕ್ಕ ಇಟ್ಟಾರು. ‘ಫ್ರಿಜ್ಜಿನಲ್ಲಿ, 5 ಡಿಗ್ರಿಗಿಂತ ಕೆಳಗೆ’ ಎಂದೇ ಬರೆಯಿರಿ. ಲಿಸ್ಟೀರಿಯಾ ಆ ಚಳಿಯಲ್ಲೂ ನಿಧಾನಕ್ಕೆ ಬೆಳೆಯುತ್ತದೆ, ಆದ್ದರಿಂದ ‘ಇಂಥ ತಾರೀಕಿನೊಳಗೆ’ ಎಂಬುದನ್ನು ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿಸಿ.