ಕಾಗದದ ನೆಗೆಟಿವ್‌ನಲ್ಲಿ ಕೆಂಪು ಮಣ್ಣಿನ ಗಣಪ ಕಪ್ಪಾಗಿ ಬರುತ್ತಾನೆ, ಏನು ಮಾಡಲಿ?

ಕುಂಬಾರಗೇರಿಯವನು

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಕುಂಬಾರಗೇರಿಯವನು. ಅಪ್ಪ ಅಚ್ಚು ಬಳಸದೆ ಕೈಯಲ್ಲೇ ಗೌರಿ, ಗಣಪತಿ ಮಾಡುತ್ತಾರೆ. ಹಬ್ಬ ಮುಗಿದರೆ ಎಲ್ಲವೂ ನೀರು ಸೇರುತ್ತವೆ. ಮನಸ್ಸಿಗೆ ಬಂದ ಕೆಲವನ್ನು ಮಾತ್ರ ಸುಟ್ಟು ಇಟ್ಟುಕೊಂಡಿದ್ದಾರೆ. ಅವನ್ನು ದೊಡ್ಡದಾಗಿ ಫೋಟೊ ತೆಗೆಯಬೇಕು. ಅಪ್ಪನ ಬೆರಳಿನ ಗುರುತೂ ಕಾಣಬೇಕು, ಅದೇ ನನ್ನ ಆಸೆ.

ನನ್ನ ಹತ್ತಿರ ಇರುವುದು ಮರದ ಹಾಫ್ ಪ್ಲೇಟ್ ಕ್ಯಾಮೆರಾ, 8 ಇಂಚಿನ ಹಿತ್ತಾಳೆ ಲೆನ್ಸು. ಶಟರ್ ಇಲ್ಲ, ಮುಚ್ಚಳ ತೆಗೆದು ಹಾಕುತ್ತೇನೆ. ಶೀಟ್ ಫಿಲ್ಮ್ ಬೆಲೆ ಕೈಗೆಟುಕುವುದಿಲ್ಲ. ಅದಕ್ಕೆ ಫಿಲ್ಮ್ ಬದಲು ಮಲ್ಟಿಗ್ರೇಡ್ ಆರ್‌ಸಿ ಪೇಪರ್ (ಫೋಟೊ ಪ್ರಿಂಟ್ ಹಾಕುವ, ಪ್ಲಾಸ್ಟಿಕ್ ಲೇಪದ ಕಾಗದ) ಕತ್ತರಿಸಿ ಹಾಕುತ್ತಿದ್ದೇನೆ. ಅದೇ ನನ್ನ ನೆಗೆಟಿವ್, ಅದರಿಂದ ಪ್ರಿಂಟ್ ತೆಗೆಯುತ್ತೇನೆ. ಬೆಳಕು ಅಳೆಯುವ ಮೀಟರ್‌ನಲ್ಲಿ ಪೇಪರಿನ ವೇಗ ಐಎಸ್‌ಒ 6 ಅಂತ ಇಟ್ಟಿದ್ದೇನೆ.

ಗೆಳೆಯ ಕೆತ್ತಿದ ಕೃಷ್ಣಶಿಲೆಯ ನಂದಿ ಬಹಳ ಚೆನ್ನಾಗಿ ಬಂತು. ಆದರೆ 12 ಇಂಚಿನ ಕೆಂಪು ಗಣಪ ಮಾತ್ರ ಪ್ರಿಂಟ್‌ನಲ್ಲಿ ಬರೀ ಕರಿ ಮುದ್ದೆ. ಕಣ್ಣಿಲ್ಲ, ಹೊಟ್ಟೆಯ ಮಡಿಕೆ ಇಲ್ಲ. ಹಿಂದಿನ ಬಿಳಿ ಬಟ್ಟೆ ಮಾತ್ರ ಹೊಳೆಯುತ್ತದೆ. ಕಪ್ಪು ಕಲ್ಲೇ ಸರಿಯಾಗಿ ಬರುವಾಗ ಕೆಂಪು ಮಣ್ಣು ಯಾಕೆ ಹೀಗೆ?

ಹಳೇ ಡಾರ್ಕ್‌ರೂಮ್

ಪೇಪರ್‌ಗೆ ಕೆಂಪು ಕಾಣುವುದೇ ಇಲ್ಲ, ಅದಕ್ಕೇ ಅಲ್ವಾ ನಾವು ಕೆಂಪು ದೀಪ ಹಾಕಿಕೊಂಡು ಕೆಲಸ ಮಾಡುವುದು? ಕಪ್ಪು ಕಲ್ಲು ನೀಲಿ, ಹಸಿರು, ಕೆಂಪನ್ನು ಹೆಚ್ಚುಕಡಿಮೆ ಒಂದೇ ಸಮ ವಾಪಸ್ ಕಳಿಸುತ್ತದೆ. ಸುಟ್ಟ ಮಣ್ಣು ನೀಲಿಯನ್ನು ನುಂಗಿಬಿಡುತ್ತದೆ. ನಿಮ್ಮ ಮೀಟರ್ ಕೆಂಪನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕಡಿಮೆ ಹೊತ್ತು ಹೇಳುತ್ತಿದೆ.

ಲೆನ್ಸಿನ ಮುಂದೆ ಹಳದಿ ಫಿಲ್ಟರ್ ಹಿಡಿಯಿರಿ. ಮಲ್ಟಿಗ್ರೇಡ್ ಪೇಪರ್ ನೀಲಿಗೆ ಗಡುಸಾಗಿ, ಹಸಿರಿಗೆ ಮೆದುವಾಗಿ ಸ್ಪಂದಿಸುತ್ತದೆ. ಹಳದಿ ಫಿಲ್ಟರ್ ನೀಲಿಯನ್ನು ತಡೆಯುವುದರಿಂದ ಕಾಂಟ್ರಾಸ್ಟ್ (ಕಪ್ಪು ಬಿಳುಪಿನ ಅಂತರ) ಇಳಿಯುತ್ತದೆ. ಮಣ್ಣು ನೀಲಿಗಿಂತ ಹಸಿರನ್ನು ಜಾಸ್ತಿ ಕಳಿಸುವುದರಿಂದ ಗಣಪ ಬಟ್ಟೆಗೆ ಹೋಲಿಸಿದರೆ ತಿಳಿಯಾಗುತ್ತಾನೆ. ಕಾಂಟ್ರಾಸ್ಟ್ ಬದಲಾಗದ ಫಿಕ್ಸೆಡ್ ಗ್ರೇಡ್ ಪೇಪರ್‌ನಲ್ಲಿ ಇದು ನಡೆಯುವುದಿಲ್ಲ.

ಇನ್ನೊಂದು, ಬೆಲ್ಲೋಸ್ (ಲೆನ್ಸಿನ ಹಿಂದಿನ ಮಡಿಕೆ ಚೀಲ) ಲೆಕ್ಕ. 12 ಇಂಚಿನ ಗಣಪ ಕ್ಯಾಮೆರಾದ ಹಿಂದಿನ ಗಾಜಿನ ಮೇಲೆ 6 ಇಂಚು ಕಾಣಬೇಕಾದರೆ 8 ಇಂಚಿನ ಲೆನ್ಸನ್ನು ಗಾಜಿನಿಂದ 12 ಇಂಚಿನವರೆಗೆ ಎಳೆಯಬೇಕು. ಆಗ ಬೆಳಕು 2.25 ಪಟ್ಟು ಬೇಕು. ನೆರಳಲ್ಲಿ ಎಫ್ 22ಕ್ಕೆ (ಲೆನ್ಸಿನ ಸಣ್ಣ ಕಿಂಡಿಗೆ) ಮೀಟರ್ 2 ಸೆಕೆಂಡ್ ಹೇಳಿದರೆ ನಾಲ್ಕೂವರೆ. ಮಣ್ಣಿಗೆ ಒಮ್ಮೆ, ಫಿಲ್ಟರ್‌ಗೆ ಒಮ್ಮೆ ದುಪ್ಪಟ್ಟು ಮಾಡಿ, 18 ಸೆಕೆಂಡಿನಿಂದ ಶುರು ಮಾಡಿ. ಇಷ್ಟು ಹೊತ್ತಿಗೆ ಮುಚ್ಚಳವೇ ಸಾಕು. ಬಲ್ಬಿನ ಹಳದಿ ಬೆಳಕು ಬೇಡ, ಬಿಸಿಲು ಬೀಳದ ಜಗುಲಿಯಲ್ಲಿ ಇಡಿ. ಬಿಳಿ ಬಟ್ಟೆ ತೆಗೆದು ಬೂದು ಕಂಬಳಿ ಹಾಕಿ.

ಆಮೇಲೂ ಮಡಿಕೆಗಳು ಕಪ್ಪಾಗಿಯೇ ಉಳಿದರೆ ಪೇಪರ್‌ಗೆ ಮೊದಲೇ ಸ್ವಲ್ಪ ಮಂದ ಬಿಳಿ ಬೆಳಕು ತೋರಿಸಿ. ಡೆವಲಪ್ ಮಾಡಿದಾಗ ಪೇಪರ್‌ನಲ್ಲಿ ಬೂದು ಮೂಡಿಸುವ ಬೆಳಕಿಗಿಂತ ಅದು ಒಂದು ಹಂತ ಕಡಿಮೆ ಇರಲಿ. ಚೂರು ಪಟ್ಟಿಗಳಲ್ಲಿ ಪರೀಕ್ಷಿಸಿ.

ಬೇಲೂರು ಪ್ರೇಮಿ

ಓದಿ ಖುಷಿಯಾಯಿತು. 1854ರಲ್ಲಿ ಬ್ರಿಟಿಷ್ ಛಾಯಾಗ್ರಾಹಕ ಲಿನಿಯಸ್ ಟ್ರೈಪ್ ಬೇಲೂರು, ಹಳೇಬೀಡಿನ ಗುಡಿಗಳನ್ನು ತೆಗೆದದ್ದು ಕಾಗದದ ನೆಗೆಟಿವ್‌ನಲ್ಲೇ. ಬೆಳಕು ಸುಲಭವಾಗಿ ಹಾಯಲಿ ಅಂತ ಆ ಕಾಲದಲ್ಲಿ ಕಾಗದಕ್ಕೆ ಮೇಣ ಹಚ್ಚುತ್ತಿದ್ದರು. ನಿಮ್ಮ ಆರ್‌ಸಿ ಪೇಪರ್ ಮೇಣ ಕುಡಿಯುವುದಿಲ್ಲ, ಆ ಗೋಜಿಗೆ ಹೋಗಬೇಡಿ. ಹಿಂಬದಿ ಕಂಪನಿ ಹೆಸರು ಅಚ್ಚಾಗಿರದ ಪೇಪರ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಅದು ಪ್ರಿಂಟ್‌ನಲ್ಲಿ ಗಣಪನ ಮೈಮೇಲೆ ಬರುತ್ತದೆ.

ಸೊಂಡಿಲು ನೋಡಿಕೊಳ್ಳಿ! ಪ್ರಿಂಟ್ ಮಾಡುವಾಗ ಎರಡು ಪೇಪರ್‌ಗಳ ಹೊಳಪಿನ ಮುಖ ಒಂದಕ್ಕೊಂದು ತಾಗಬೇಕು. ಸ್ಕ್ಯಾನ್ ಮಾಡಿದರೆ ಎಡ ಬಲ ತಿರುಗಿಸಲೇಬೇಕು. ಸುಮ್ನೆ ಕಪ್ಪು ಬಿಳುಪು ಅದಲು ಬದಲು ಮಾಡಿದರೆ ಅಪ್ಪ ಮಾಡಿದ ಎಡಮುರಿ ಗಣಪ ಬಲಮುರಿ ಆಗಿಬಿಡುತ್ತಾನೆ.

ಕುಂಬಾರಗೇರಿಯವನು

ತುಂಬಾ ಧನ್ಯವಾದ ಸಾರ್. ಅಪ್ಪನಿಗೂ ಓದಿ ಹೇಳಿದೆ. ಸೊಂಡಿಲಿನ ಮಾತು ಕೇಳಿ "ಅದನ್ನು ಮಾತ್ರ ಸರಿಯಾಗಿ ನೋಡ್ಕೋ" ಅಂದರು. ಹಳೇ ಹಿತ್ತಾಳೆ ಲೆನ್ಸಿಗೆ ಈಗಿನ ಫಿಲ್ಟರ್ ಕೂರುವುದಿಲ್ಲವಲ್ಲ?

ಹಳೇ ಡಾರ್ಕ್‌ರೂಮ್

ತಿರುಪು ಬೇಕಿಲ್ಲ. ರಟ್ಟಿನ ಉಂಗುರ ಮಾಡಿ, ಒಳಗೆ ಕಪ್ಪು ಬಣ್ಣ ಬಳಿದು, ಫಿಲ್ಟರ್ ಅಂಟಿಸಿ ಲೆನ್ಸಿಗೆ ತೊಡಿಸಿ. ಮುಚ್ಚಳ ಅದರ ಮೇಲೆ ಸಲೀಸಾಗಿ ಕೂರಬೇಕು. ತೆಗೆಯುವಾಗ ಕ್ಯಾಮೆರಾ ಅಲುಗಬಾರದು.